ದೇವರಿಗೆ ಒಪ್ಪಿಸಿಬಿಡು ಅಂದರೆ ಪ್ರಯತ್ನ ಬಿಡಬೇಕಾ?

ತಮ್ಮಾ, ಹುಬ್ಬಳ್ಳಿಯಲ್ಲಿ ನಿಮ್ಮ ಅಂಗಡಿ ಮುಚ್ಚಿದೆ, ತಾಯಿಗೆ ಡಯಾಲಿಸಿಸ್ ಶುರುವಾಗಿದೆ, ಚರ್ಚಿನ ಸಭೆಯಲ್ಲಿ ಎಲ್ಲರೂ "ಕರ್ತನಿಗೆ ಒಪ್ಪಿಸಿಬಿಡು" ಅನ್ನುತ್ತಾರೆ ಅಂತ ಬರೆದಿದ್ದೀರಿ. ಹಾಗಾದರೆ ಸುಮ್ನೆ ಕೂರಬೇಕಾ, ರಾತ್ರಿ ಅಳು ಬಂದರೆ ನಂಬಿಕೆ ಕಡಿಮೆ ಅಂತಾನಾ ಅಂತ ಕೇಳಿದ್ದೀರಿ. ಎರಡೂ ಇಲ್ಲ. ನಾನು ಗದಗದ ಬೆಟಗೇರಿಯವಳು, ನಿಮಗಿಂತ ದೊಡ್ಡವಳಿರಬಹುದು. ನನಗೆ ತಿಳಿದಷ್ಟು ಹೇಳುತ್ತೇನೆ.

ಬೈಬಲಿನಲ್ಲಿ ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಭಾಗವನ್ನು ಇವತ್ತು ನಿಧಾನವಾಗಿ ಓದಿ. ಮತ್ತಾಯ 26, ಆಮೇಲೆ ಲೂಕ 22. "ನಿನ್ನ ಚಿತ್ತದಂತೆಯೇ ಆಗಲಿ" ಅನ್ನುವುದು ನಮಗೆಲ್ಲ ಬಾಯಿಪಾಠ. ಆದರೆ ಅದಕ್ಕಿಂತ ಮೊದಲು ಯೇಸುಸ್ವಾಮಿ ಈ ಪಾತ್ರೆ, ಅಂದರೆ ಬರಲಿರುವ ಕಷ್ಟ, ತನ್ನಿಂದ ತೊಲಗಲಿ ಅಂತ ಬೇಡಿಕೊಂಡರು. ಒಂದು ಸಲ ಅಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು. ನೆಲಕ್ಕೆ ಬಿದ್ದು ಬೇಡಿದರು. ಪ್ರಾಣ ಹೋಗುವಷ್ಟು ದುಃಖವಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಮೂವರು ಶಿಷ್ಯರನ್ನು ಕೇಳಿದರು. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಪಾತ್ರೆಯಂತೂ ತೊಲಗಲಿಲ್ಲ. ಬಲಪಡಿಸಲು ಒಬ್ಬ ದೂತ ಬಂದ ಅಂತ ಲೂಕ ಬರೆಯುತ್ತಾನೆ. ಆಮೇಲೆ ಯೇಸುಸ್ವಾಮಿ "ಏಳಿರಿ, ಹೋಗೋಣ" ಅಂದರು.

ಒಪ್ಪಿಸುವುದರಲ್ಲಿ ಇದೆಲ್ಲ ಇದೆ. ಕೇಳಬೇಕಾದ್ದನ್ನು ಕೇಳಿ, ಅಳಬೇಕಾದ್ದನ್ನು ಅತ್ತು, ಕೊನೆಗೆ ಏನಾಗಬೇಕು ಅನ್ನುವುದನ್ನು ತಂದೆಯ ಕೈಗೆ ಬಿಟ್ಟು, ಎದ್ದು ನಡೆಯುವುದು. ಕಷ್ಟದಲ್ಲಿರುವವರನ್ನು ನಾವು ನೇರವಾಗಿ ಕೊನೆಯ ಮಾತಿಗೇ ದೂಡುತ್ತೇವೆ. ಇದು ಅನ್ಯಾಯ ಅಂತ ನನಗೆ ಅನಿಸುತ್ತದೆ.

ನಮ್ಮ ಯಜಮಾನರು ನೇಕಾರರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಕೈಮಗ್ಗಕ್ಕೆ ಎರಡೂ ಕೈ ಬೇಕೇ ಬೇಕು. ಕೈ ಬರಲಿ ಅಂತ ಬೇಡಿಕೊಂಡೆ, ಉಪವಾಸ ಮಾಡಿದೆ. ಇವತ್ತಿಗೂ ಬಂದಿಲ್ಲ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲಿನ ಗೋಳಾಟದ ಕೀರ್ತನೆಗಳು. 13ನೆಯದು ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಒಂದು ಮಾತಿಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಬೈಬಲಿನಲ್ಲಿ ಇಟ್ಟಿದ್ದಾರೆ. ನಾನೂ ದೇವರ ಜೊತೆ ಜಗಳ ಆಡಿದ್ದೇನೆ. ಜಗಳ ಆಡಬೇಕಾದರೂ ಕೇಳುವವನು ಇದ್ದಾನೆ ಅನ್ನುವ ನಂಬಿಕೆ ಬೇಕಲ್ವಾ?

ಒಂದೇ ಸಲಕ್ಕೆ ಒಪ್ಪಿಸಿ ಮುಗಿಸಲು ನನಗೆ ಆಗಲಿಲ್ಲ. ಬೆಳಿಗ್ಗೆ ಒಪ್ಪಿಸಿದ ಚಿಂತೆ, ಸಾಲ ಕೊಟ್ಟ ಸಂಘದವರು ಕಂತು ಕೇಳಲು ಬಂದ ಕೂಡಲೇ ಮತ್ತೆ ನನ್ನ ತಲೆಯ ಮೇಲೆ ಇರುತ್ತಿತ್ತು. ಸಂಜೆ ಮತ್ತೆ ಒಪ್ಪಿಸುತ್ತಿದ್ದೆ. ಬರಬರುತ್ತಾ ನನ್ನ ಪ್ರಾರ್ಥನೆಯೇ ಬೇರೆಯಾಯಿತು. ಕೈ ಕೊಡು ಅನ್ನುತ್ತಿದ್ದವಳು ಇವತ್ತು ನಮ್ಮ ಜೊತೆ ಇರು ಅನ್ನತೊಡಗಿದೆ. ಯಜಮಾನರು ಈಗ ಕುಳಿತಲ್ಲಿಂದಲೇ ಓಣಿಯ ಹುಡುಗರಿಗೆ ನೇಯ್ಗೆ ಹೇಳಿಕೊಡುತ್ತಾರೆ. ಅಪೊಸ್ತಲ ಪೌಲನೂ ತನ್ನ ಶರೀರದಲ್ಲಿನ ಮುಳ್ಳು, ಅಂದರೆ ಬಿಡದೆ ಕಾಡುವ ನೋವು, ತೆಗೆ ಅಂತ ಮೂರು ಸಲ ಬೇಡಿದ. ಅವನಿಗೆ ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಅಂತ. ಮೊದಲು ಆ ವಚನ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ.

ಇನ್ನು ಪ್ರಯತ್ನದ ಮಾತು. ಜರ್ಮನ್ ಪಾದ್ರಿಗಳೇ ಹೆಚ್ಚಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ನಿಮ್ಮ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಪ್ರಾರ್ಥನೆ ಮಾಡುತ್ತಿದ್ದ ಆ ಜನರೇ ಇಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದರು. ಬೆಟಗೇರಿಯದನ್ನು ನಾವು ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತೇವೆ. ಚಿಕಿತ್ಸೆ ಬಿಟ್ಟು ಬರೀ ಪ್ರಾರ್ಥಿಸು ಅಂತ ಯಾರಾದರೂ ಅಂದರೆ ದಯವಿಟ್ಟು ಕೇಳಬೇಡಿ. ತಾಯಿಯ ಡಯಾಲಿಸಿಸ್ ಒಂದು ಸಲವೂ ತಪ್ಪಿಸಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಬಗ್ಗೆ ವಿಚಾರಿಸಿ. 2016ರಿಂದ ಅದಕ್ಕೆ ಕೇಂದ್ರದ ಯೋಜನೆ ಇದೆ. ಸಾಲ ಕೊಟ್ಟವರು ಮನೆಗೆ ಬರುವ ಮೊದಲು ನೀವೇ ಹೋಗಿ ಸಮಯ ಕೇಳಿ.

ನೀವೂ ಊಟ ಬಿಡಬೇಡಿ. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂತ ಅಡವಿಯಲ್ಲಿ ಮಲಗಿದ್ದಾಗ ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ದೂತನನ್ನು ಕಳಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟರು. ಉಂಡು ಮಲಗಿದ. ಮತ್ತೆ ಎಬ್ಬಿಸಿ ಉಣ್ಣು ಅಂದರು. ಒಂದನೇ ಅರಸುಗಳು 19ರಲ್ಲಿದೆ. ಬದುಕೇ ಬೇಡ ಅನ್ನುವಷ್ಟು ಮನಸ್ಸು ಕುಸಿದರೆ ಒಬ್ಬರೇ ಇರಬೇಡಿ, ಅದೇ ದಿನ ಡಾಕ್ಟರಿಗೂ ನಿಮ್ಮ ಸಭೆಯ ಅಯ್ಯನವರಿಗೂ (ಪಾದ್ರಿಗಳಿಗೂ) ಹೇಳಿ.

"ಒಪ್ಪಿಸಿಬಿಡು" ಅಂದವರಲ್ಲಿ ಇಬ್ಬರನ್ನು ನಾಳೆಯೇ ಕೇಳಿ, ಮುಂದಿನ ಡಯಾಲಿಸಿಸ್ ದಿನ ತಾಯಿಯ ಪಕ್ಕ ಕೂರಲು ಬರುತ್ತೀರಾ ಅಂತ. ಕೇಳಲು ಸಂಕೋಚ ಬೇಡ. ಇಲ್ಲಿ ಗುರುವಾರ ನಮ್ಮ ಹೆಂಗಸರ ಕೂಟ ಇರುತ್ತದೆ, ನಿಮ್ಮ ತಾಯಿಗಾಗಿ ಅಲ್ಲಿ ಪ್ರಾರ್ಥಿಸುತ್ತೇವೆ.