ಆ ತುತ್ತೂರಿ ಎಲ್ಲಿ ಹೋಯ್ತು?

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಸಿಟ್ಟು ಸ್ವಲ್ಪ ಜಾಸ್ತಿಯೇ ಇದೆ. ಇರಲಿ, ಕಾರಣವೂ ಇದೆ. ಅಮೆರಿಕದ ಪಾಪ್ ಗಾಯಕಿ ಮಡೋನಾ ಅವರ ಹಿಟ್ ಹಾಡುಗಳ ಸಂಕಲನ 'ದಿ ಇಮ್ಯಾಕ್ಯುಲೇಟ್ ಕಲೆಕ್ಷನ್' ಸಿಡಿ ತಂದಿರಿ. 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್'ನಲ್ಲಿ ನೀವು ಕೇಳಿ ಬೆಳೆದ ತುತ್ತೂರಿ ಇಲ್ಲ. ನಿಮ್ಮ ಪ್ರೀತಿಯ 'ಹೂಸ್ ದಟ್ ಗರ್ಲ್' ಪಟ್ಟಿಯಲ್ಲೇ ಇಲ್ಲ. "ಹಳೇ ಹಾಡನ್ನೇ ಮತ್ತೆ ಮಾರೋದು, ಅದರಲ್ಲೂ ತೂಕದಲ್ಲಿ ಮೋಸ" ಎಂದು ಬರೆದಿದ್ದೀರಿ.

ಮೊದಲು ತುತ್ತೂರಿ ವಿಷಯ. ಅದಿರುವುದು 1989ರ 'ಲೈಕ್ ಎ ಪ್ರೇಯರ್' ಆಲ್ಬಮ್ಮಿನಲ್ಲಿ. ಅದೇ ಹಾಡನ್ನು ಡಿಜೆ ಶೆಪ್ ಪೆಟ್ಟಿಬೋನ್ ರೀಮಿಕ್ಸ್ ಮಾಡಿದರು, ಅಂದರೆ ತಾಳ, ವಾದ್ಯ ಬದಲಿಸಿ ಮತ್ತೆ ಜೋಡಿಸಿದರು. ವಿಡಿಯೊದಲ್ಲಿ ಬಂದದ್ದು ಆ ರೀಮಿಕ್ಸ್, ನಿಮ್ಮ ಸಿಡಿಯಲ್ಲಿರುವುದೂ ಅದರದ್ದೇ ರೂಪ. ಹಾಗಾಗಿ ಟಿವಿಯಲ್ಲಿ ನೋಡಿದವರಿಗೆ ಅದೇ ಅಸಲಿ. ಆಲ್ಬಮ್ ಕೇಳಿದ ನಿಮಗೆ ತುತ್ತೂರಿ ಇರುವುದೇ ಅಸಲಿ. ಇಬ್ಬರೂ ಸರಿ, ಏನು ಮಾಡೋಣ?

1990ರಲ್ಲಿ ಈ ಸಂಕಲನ ಬಂದಾಗ ಹಳೆಯ ಹಾಡುಗಳನ್ನೆಲ್ಲ ಕ್ಯೂಸೌಂಡ್ ತಂತ್ರದಲ್ಲಿ ಹೊಸದಾಗಿ ಮಿಕ್ಸ್ ಮಾಡಿದರು. ಎರಡೇ ಸ್ಪೀಕರ್ ಇದ್ದರೂ ದನಿ ಅಕ್ಕಪಕ್ಕದಿಂದೆಲ್ಲ ಬಂದ ಹಾಗೆ ಕೇಳಿಸಬೇಕು, ಅದು ಉದ್ದೇಶ. ಜೊತೆಗೆ ಕತ್ತರಿಯೂ ಆಡಿತು. ಆರು ನಿಮಿಷದ 'ಹಾಲಿಡೇ' ಇಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ನನಗದು ಬೇಜಾರಿಲ್ಲ. ನನ್ನ ತಕರಾರು 'ಲೈಕ್ ಎ ಪ್ರೇಯರ್' ಹಾಡಿನದ್ದು. ಮೂಲದಲ್ಲಿ ಗಿಟಾರ್ ಕಿರುಚಿ, ಬಾಗಿಲು ಬಡಿದಂತೆ ದಡ್ ಎಂದು ನಿಂತು, ಆಮೇಲೆ ಆರ್ಗನ್ ಏಳುತ್ತದೆ. ಚರಣದಲ್ಲಿ ತಾಳ ಹಿಂದೆ ಸರಿಯುತ್ತದೆ, ಪಲ್ಲವಿಯಲ್ಲಿ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗುವಿಕೆಯೇ ಹಾಡಿನ ಜೀವ. ಅದಕ್ಕೆ ಕುಣಿತದ ತಾಳ ಕಟ್ಟಿ ಸುಮ್ನೆ ಹಾಳು ಮಾಡಿದರು.

ಇನ್ನು ಬಿಟ್ಟುಹೋದ ಹಾಡು. 'ಹೂಸ್ ದಟ್ ಗರ್ಲ್' 1987ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು, ನಿಮ್ಮ ದೂರು ನ್ಯಾಯವೇ. ಆದರೆ ಆಗಿನ ಸಿಡಿಗೆ ಹಿಡಿಯುತ್ತಿದ್ದದ್ದು ಸುಮಾರು 74 ನಿಮಿಷ. 17 ಹಾಡಿಗೇ ಅದು ತುಂಬಿತು. ಅದರಲ್ಲಿ ಎರಡು ಹೊಸವು. ಹಳೆಯದೆಲ್ಲ ಮನೆಯಲ್ಲಿರುವವರೂ ಕೊಳ್ಳಲಿ ಅಂತ ಹಾಕುವ ಗಾಳ ಅದು, ಮುಚ್ಚುಮರೆ ಯಾಕೆ? ಆದರೂ ಆ ಎರಡರಲ್ಲಿ ಒಂದಾದ 'ಜಸ್ಟಿಫೈ ಮೈ ಲವ್' ಬರೀ ಭರ್ತಿ ಸಾಮಾನಲ್ಲ. ಅದರ ವಿಡಿಯೊ ಹಾಕಲ್ಲ ಎಂದಿತು ಅಮೆರಿಕದ ಸಂಗೀತ ಚಾನೆಲ್ ಎಂಟಿವಿ. ಆ ವಿಡಿಯೊವನ್ನೇ ವಿಡಿಯೊ ಕ್ಯಾಸೆಟ್ ಮಾಡಿ ಮಾರಿದರು. ಹಾಡು ನಂಬರ್ ಒನ್ ಆಯಿತು.

ಇಷ್ಟೆಲ್ಲ ಬೈದ ಮೇಲೂ ಈ ಸಿಡಿ ನನಗೆ ಯಾಕೆ ಬೇಕು ಗೊತ್ತಾ? ಹಾಡುಗಳು ಬಂದ ಕಾಲದ ಸಾಲಿನಲ್ಲೇ ಇವೆ. ಒಂದೇ ಉಸಿರಿಗೆ ಕೇಳಿ. ಮೊದಲ ಹಾಡುಗಳಲ್ಲಿ ದನಿ ತೆಳ್ಳಗೆ, ಚೂಪಾಗಿದೆ. ಎಂಟನೆಯ ಹಾಡು 'ಲಿವ್ ಟು ಟೆಲ್' ಬಂದಾಗ ಅದೇ ದನಿ ಕೆಳಗಿಳಿದು ಭಾರವಾಗಿದೆ. ನಡುವೆ ಮೂರೇ ವರ್ಷ! ಬಿಡಿ ಆಲ್ಬಮ್ ಕೇಳುವಾಗ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಮಡೋನಾ ಅವರ ಇನ್ನೊಂದು ಸಂಕಲನ, 2009ರ 'ಸೆಲೆಬ್ರೇಷನ್'ನಲ್ಲಿ ಆ ಸುಖ ಇಲ್ಲ. ಎರಡು ಸಿಡಿ, 36 ಹಾಡು. ಶುರುವಾಗುವುದೇ 2005ರ 'ಹಂಗ್ ಅಪ್' ಇಂದ, ಆಮೇಲೆ ಹಿಂದೆ ಮುಂದೆ ಜಿಗಿದಾಟ. ಆದರೆ ನಿಮ್ಮ 'ಹೂಸ್ ದಟ್ ಗರ್ಲ್' ಅದರ ಎರಡನೇ ಸಿಡಿಯಲ್ಲಿದೆ. ತುತ್ತೂರಿ ಬೇಕೆಂದರೆ 1989ರ ಆಲ್ಬಮ್ಮೇ ಗತಿ.

'ಟ್ರೂ ಬ್ಲೂ' ಹಾಡು ಎಲ್ಲಿ ಅಂತ ಮುಂದಿನ ಪತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಅದು ಎರಡೂ ಸಂಕಲನಗಳಲ್ಲಿ ಇಲ್ಲ.

- ಸಂ.