ಮೂವತ್ತರ ನಂತರದ ಹನ್ನೆರಡು ಕಿಲೋಮೀಟರ್

ಓಟದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ ಬರೆದವರು ಮುಂಬೈಯ ಮಾಟುಂಗಾದಲ್ಲಿರುವ, ಕುಂದಾಪುರ ಕಡೆಯ ಓಟಗಾರ್ತಿ. ವಯಸ್ಸು 51. ಓಡಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ.

ಪ್ರಶ್ನೆ: ನನಗೆ 44 ವರ್ಷ. ಕಳೆದ ಜನವರಿಯಲ್ಲಿ ಮೊದಲ ಸಲ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42 ಕಿ.ಮೀ. ಓಡಲು ಹೋದೆ. 31 ಕಿ.ಮೀ. ತನಕ ಚೆನ್ನಾಗಿತ್ತು. ಆಮೇಲೆ ಕಾಲು ಕಲ್ಲಿನ ಹಾಗಾಯಿತು, ಉಳಿದದ್ದನ್ನು ನಡೆದೇ ಮುಗಿಸಿದೆ. ಮನೆಯಲ್ಲಿ ‘ಇನ್ನು ಸಾಕು ಬಿಡಿ’ ಅನ್ನುತ್ತಾರೆ. ಮತ್ತೆ ಪ್ರಯತ್ನ ಮಾಡಲೇ? ತಪ್ಪಿದ್ದು ಎಲ್ಲಿ?
— ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಮಾಡಿ. ನಿಮ್ಮ ಪತ್ರ ಓದುವಾಗ ನನ್ನ 2018ರ ಜನವರಿ 21 ಕಣ್ಣ ಮುಂದೆ ಬಂತು. ಅದು ನನ್ನ ಮೊದಲ ಫುಲ್ ಮ್ಯಾರಥಾನ್.

ಐದು ಗಂಟೆಯಲ್ಲಿ ಮುಗಿಸಬೇಕು ಅಂತ ಲೆಕ್ಕ ಹಾಕಿದ್ದೆ. ಅಂದರೆ ಕಿಲೋಮೀಟರಿಗೆ 7 ನಿಮಿಷ ಚಿಲ್ಲರೆ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಕತ್ತಲಲ್ಲಿ ಸಾವಿರಾರು ಜನ, ಬ್ಯಾಂಡು, ಚಪ್ಪಾಳೆ. ಮರೈನ್ ಡ್ರೈವ್‌ಗೆ ಬಂದಾಗ ಸಮುದ್ರದ ತಣ್ಣನೆ ಗಾಳಿ. ಕಾಲು ತಾನಾಗಿ ಓಡುತ್ತಿತ್ತು. ಮೊದಲ 10 ಕಿ.ಮೀ. 65 ನಿಮಿಷದಲ್ಲಿ ಆಯಿತು. ಆರು ನಿಮಿಷ ಮಿಕ್ಕಿತು ಅಂತ ಖುಷಿಪಟ್ಟೆ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಬೇರೆ ದಿನ ನಡೆದುಕೊಂಡು ಹೋಗಲು ಬಿಡುವುದಿಲ್ಲ ಅಲ್ವಾ, ಅಲ್ಲಿ ಓಡುವ ಸಂಭ್ರಮವೇ ಬೇರೆ. 30 ಕಿ.ಮೀ. ಫಲಕದ ಹತ್ತಿರ ವಾಚ್ ನೋಡಿದರೆ 3 ಗಂಟೆ 24 ನಿಮಿಷ. ಐದು ಗಂಟೆಯೊಳಗೇ ಮುಗಿಯುತ್ತದೆ ಅಂದುಕೊಂಡೆ.

ಹಾಜಿ ಅಲಿ ದಾಟಿ ಪೆಡ್ಡರ್ ರೋಡಿನ ಏರು ಶುರುವಾಗುವಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಚರ್ಮದ ಕೆಳಗೆ ಗಂಟು ಎದ್ದು ಅಲುಗಾಡುವುದು ಕಣ್ಣಿಗೆ ಕಾಣುತ್ತಿತ್ತು. ಫುಟ್‌ಪಾತ್ ಅಂಚಿನಲ್ಲಿ ಒಬ್ಬರು ಗುಜರಾತಿ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ತುಂಬ ಕಿತ್ತಳೆ ತೊಳೆ. ‘ಬೇಸಿ ಜಾ ಬೇಟಾ’ ಅಂದರು. ಕುರ್ಚಿ ಬಿಟ್ಟು ಎದ್ದರು, ನನ್ನನ್ನು ಕೂರಿಸಿದರು, ತೊಳೆಯನ್ನು ಉಪ್ಪಿನಲ್ಲಿ ಅದ್ದಿ ಒಂದೊಂದಾಗಿ ಕೈಗೆ ಕೊಟ್ಟರು. ನನ್ನಮ್ಮನ ವಯಸ್ಸಿನವರು. ಆ ಉಪ್ಪು-ಹುಳಿ ಈಗಲೂ ನಾಲಿಗೆಯಲ್ಲಿದೆ. ಅಂತೂ ನಡೆದು, ಕುಂಟಿ, 5 ಗಂಟೆ 43 ನಿಮಿಷಕ್ಕೆ ಮುಗಿಸಿದೆ. ಕೊನೆಯ 12 ಕಿ.ಮೀ.ಗೇ 2 ಗಂಟೆ 19 ನಿಮಿಷ ಹಿಡಿದಿತ್ತು.

ಇದಕ್ಕೆ ಕಾರಣ ಇದೆ. ನಾವು ತಿಂದ ಅನ್ನದ ಸಕ್ಕರೆ ಗ್ಲೈಕೋಜನ್ ಆಗಿ ಸ್ನಾಯು ಮತ್ತು ಲಿವರ್‌ನಲ್ಲಿ ಕೂತಿರುತ್ತದೆ. ಹೆಚ್ಚಿನವರಿಗೆ ಅದು ಸುಮಾರು 30 ಕಿ.ಮೀ. ಆಸುಪಾಸಿನ ತನಕ ಸಾಲುತ್ತದೆ. ಖಾಲಿಯಾದ ಮೇಲೆ ದೇಹಕ್ಕೆ ಕೊಬ್ಬೇ ಗತಿ. ಕೊಬ್ಬಿನಿಂದ ಶಕ್ತಿ ಬರುವುದು ನಿಧಾನ, ಹಾಗಾಗಿ ಕಾಲು ಏಳುವುದಿಲ್ಲ. ಇದನ್ನೇ ಓಟಗಾರರು ‘ವಾಲ್ ಹೊಡೀತು’ ಅನ್ನುವುದು. ನಿಧಾನ ಓಡಿದರೆ ಮೊದಲಿಂದಲೇ ಕೊಬ್ಬೂ ಒಂದಿಷ್ಟು ಉರಿಯುತ್ತಾ ಇರುತ್ತದೆ, ಸಕ್ಕರೆ ಜಾಸ್ತಿ ದೂರ ಬರುತ್ತದೆ. ಜೋರಾಗಿ ಓಡಿದರೆ ಸಕ್ಕರೆ ಬೇಗ ಮುಗಿಯುತ್ತದೆ. ನಿಮ್ಮ ಮೊದಲ 10 ಕಿ.ಮೀ. ಎಷ್ಟು ನಿಮಿಷಕ್ಕೆ ಆಯಿತು ಅಂತ ನೀವು ಬರೆದಿಲ್ಲ. ಹುಡುಕಿ ನೋಡಿ. ತಪ್ಪಿದ್ದು ಅಲ್ಲೇ ಇರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಎರಡು ವರ್ಷ ಬಿಟ್ಟು 2020ರಲ್ಲಿ ಮತ್ತೆ ಓಡಿದೆ. ಈ ಸಲ ಮೊದಲ 10 ಕಿ.ಮೀ.ಗೆ 72 ನಿಮಿಷ. ಮರೈನ್ ಡ್ರೈವ್‌ನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದರು. ಹಲ್ಲು ಕಚ್ಚಿ ಸಹಿಸಿಕೊಂಡೆ. 30 ಕಿ.ಮೀ.ಗೆ 3 ಗಂಟೆ 36 ನಿಮಿಷ, ಅಂದರೆ ಹಿಂದಿನ ಸಲಕ್ಕಿಂತ 12 ನಿಮಿಷ ತಡ. ಆದರೆ ಕೊನೆಯ 12 ಕಿ.ಮೀ. 1 ಗಂಟೆ 29 ನಿಮಿಷದಲ್ಲಿ ಆಯಿತು. ಒಟ್ಟು 5 ಗಂಟೆ 5 ನಿಮಿಷ. ಪೆಡ್ಡರ್ ರೋಡಿನಲ್ಲಿ ಆ ಅಜ್ಜಿಯನ್ನು ಹುಡುಕಿದೆ, ಕಾಣಲಿಲ್ಲ.

ನಡುವಿನ ಎರಡು ವರ್ಷ ಹೊಸದೇನೂ ಮಾಡಲಿಲ್ಲ, ಲಾಂಗ್ ರನ್, ಅಂದರೆ ವಾರಕ್ಕೊಮ್ಮೆಯ ಉದ್ದದ ಓಟ, ಸರಿಯಾಗಿ ಮಾಡಿದೆ ಅಷ್ಟೆ. ಮಂಗಳವಾರ, ಗುರುವಾರ, ಶನಿವಾರ ಮನೆ ಹತ್ತಿರದ ಫೈವ್ ಗಾರ್ಡನ್ಸ್ ಸುತ್ತ ಆರೋ ಎಂಟೋ ಕಿಲೋಮೀಟರ್. ಭಾನುವಾರ ಬೆಳಗಿನ ಲೋಕಲ್ ಹಿಡಿದು ಸಿಎಸ್‌ಎಂಟಿಗೆ. ಆ ಹೊತ್ತಿನ ಹೆಂಗಸರ ಡಬ್ಬಿಯಲ್ಲಿ ಹೂವಿನ ಮಾರ್ಕೆಟ್ಟಿಗೆ ಹೋಗುವವರು ಖಾಲಿ ಬುಟ್ಟಿ ಇಟ್ಟುಕೊಂಡು ತೂಕಡಿಸುತ್ತಿರುತ್ತಾರೆ, ದಾದರ್‌ನಲ್ಲಿ ಇಳಿಯುತ್ತಾರೆ. ಆಮೇಲೆ ಡಬ್ಬಿಯಲ್ಲಿ ನಾನೊಬ್ಬಳೇ. ಮರೈನ್ ಡ್ರೈವ್ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಮೂರೂವರೆ ಕಿ.ಮೀ. ನಾಲ್ಕು ಸಲ ಹೋಗಿ ಬಂದರೆ 28. ಇಷ್ಟನ್ನೂ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನವಾಗಿ ಓಡಬೇಕು. ನಾನು ಕಿಲೋಮೀಟರಿಗೆ 8 ನಿಮಿಷ ತೆಗೆದುಕೊಳ್ಳುತ್ತಿದ್ದೆ. ವಾರಕ್ಕೆ ಒಂದೆರಡು ಕಿ.ಮೀ. ಮಾತ್ರ ಏರಿಸಿ, ನಾಲ್ಕನೇ ವಾರ ಇಳಿಸಿ. ಜುಲೈನಲ್ಲಿ ಶುರು ಮಾಡಿದರೆ ಡಿಸೆಂಬರ್ ಕೊನೆಗೆ 32ಕ್ಕೆ ಬರುತ್ತೀರಿ. ಆಮೇಲಿನ ಮೂರು ವಾರ ಓಟ ಕಡಿಮೆ ಮಾಡುತ್ತಾ ಬನ್ನಿ, ಕಾಲಿಗೆ ವಿಶ್ರಾಂತಿ ಸಿಗಲಿ.

ಮಳೆಗಾಲದಲ್ಲಿ ಶೂ ಒಣಗುವುದೇ ದೊಡ್ಡ ಸಮಸ್ಯೆ. ನಮ್ಮವರು ಹೋಟೆಲಿನ ಕೌಂಟರ್‌ನಲ್ಲಿ ಕೂರುತ್ತಾರೆ, ಹಳೇ ಪೇಪರ್ ತಂದುಕೊಡುತ್ತಾರೆ. ಶೂ ಒಳಗೆ ಪೇಪರ್ ಉಂಡೆ ತುರುಕಿ ಫ್ಯಾನ್ ಕೆಳಗೆ ಇಡಿ, ಎರಡು ಗಂಟೆಗೊಮ್ಮೆ ಬದಲಿಸಿ.

ಓಡುವಾಗ ತಿನ್ನುವುದನ್ನೂ ಅಭ್ಯಾಸದಲ್ಲೇ ಕಲಿಯಿರಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 30 ಗ್ರಾಂ ಇರುತ್ತದೆ. ನನ್ನ ಸೊಂಟದ ಚೀಲದಲ್ಲಿ ಬೀಜ ತೆಗೆದ ಖರ್ಜೂರ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಗುತ್ತದೆ, ಮೊದಲ ಮುಕ್ಕಾಲು ಗಂಟೆಯಲ್ಲೇ ಶುರು ಮಾಡಿ.

ಮನೆಯವರ ಮಾತಿಗೆ ಬೇಜಾರಾಗಬೇಡಿ. ನೀವು ಕುಂಟುತ್ತಾ ಬಂದದ್ದನ್ನು ಅವರು ನೋಡಿದ್ದಾರೆ, ಹೆದರಿಕೆ ಇರುತ್ತದೆ. ಒಂದು ಭಾನುವಾರ ಅವರನ್ನೂ ಮರೈನ್ ಡ್ರೈವ್‌ಗೆ ಕರೆದುಕೊಂಡು ಹೋಗಿ, ಕಟ್ಟೆ ಮೇಲೆ ಕೂರಿಸಿ. 20 ಕಿ.ಮೀ. ಓಡಿ ನಗುತ್ತಾ ಬಂದು ಪಕ್ಕ ಕೂತು ತಿಂಡಿ ತಿನ್ನಿ. ನಮ್ಮವರು ಒಪ್ಪಿದ್ದು ಹಾಗೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಆರಾಮವಾಗಿ ಓಡುತ್ತಿದ್ದ ವೇಗದಲ್ಲೇ ಅಕ್ಟೋಬರ್‌ನಲ್ಲಿ ಎದೆ ಡವಗುಟ್ಟುತ್ತದೆ. ನೀರು ಎಷ್ಟು ಕುಡಿದರೂ ಸುಸ್ತು. ನನ್ನ ಶಕ್ತಿ ಕುಗ್ಗುತ್ತಿದೆಯೇ?
— ಓದುಗರು, ವಾಶಿ

ಉತ್ತರ: ಕುಗ್ಗಿಲ್ಲ, ಇದು ಅಕ್ಟೋಬರ್ ಹೀಟ್, ಮಳೆ ನಿಂತ ಮೇಲೆ ಏರುವ ಸೆಕೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ನಮ್ಮ ಕಡಲ ತೀರದಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ, ಬೆವರು ಆರದೆ ಸುಮ್ನೆ ಹರಿದು ಹೋಗುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹೋಗಬೇಕು, ಕಾಲಿಗೂ ಹೋಗಬೇಕು. ಎರಡನ್ನೂ ನೋಡಿಕೊಳ್ಳಲು ಹೃದಯ ಜಾಸ್ತಿ ಬಡಿಯುತ್ತದೆ. ಆ ತಿಂಗಳು ವಾಚಿನ ವೇಗ ಮರೆತು ಉಸಿರು ನೋಡಿಕೊಂಡು ಓಡಿ. ನಾನು ಕಿಲೋಮೀಟರಿಗೆ ಅರ್ಧ ನಿಮಿಷ ಬಿಟ್ಟುಕೊಡುತ್ತೇನೆ. ಚಳಿ ಶುರುವಾದ ಮೇಲೆ ಅದು ತಾನಾಗಿ ವಾಪಸ್ ಬರುತ್ತದೆ. ನಿಧಾನ ಮಾಡಿದ ಮೇಲೂ ಎದೆ ಹಾಗೇ ಹೊಡೆದುಕೊಂಡರೆ, ನೋವು ಅಥವಾ ತಲೆಸುತ್ತು ಬಂದರೆ, ಓಟ ನಿಲ್ಲಿಸಿ ಮೊದಲು ಡಾಕ್ಟರನ್ನು ನೋಡಿ.

‘ನೀರು ಎಷ್ಟು ಕುಡಿದರೂ’ ಅಂತ ಬರೆದಿದ್ದೀರಿ, ಅದು ನನಗೆ ಚಿಂತೆಯ ಮಾತು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಮೇಲಿಂದ ಬರೀ ನೀರು ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ ಬರುತ್ತದೆ, ವಿಪರೀತವಾದರೆ ಪ್ರಾಣಕ್ಕೇ ಅಪಾಯ. ಬಾಯಾರಿದಾಗ ಕುಡಿಯಿರಿ. ಓಡುವ ಮೊದಲು, ಓಡಿದ ಮೇಲೆ ತೂಕ ನೋಡಿ. ಎರಡು ಗಂಟೆ ಓಡಿದರೆ ನನಗೆ ಸುಮಾರು ಒಂದೂವರೆ ಕಿಲೋ ಇಳಿಯುತ್ತದೆ. ನಿಮ್ಮ ತೂಕ ಏರಿದ್ದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಒಂದು ಗಂಟೆ ಮೀರಿದ ಓಟಕ್ಕೆ ನೀರಿನ ಜೊತೆ ಉಪ್ಪು, ಸಕ್ಕರೆ, ನಿಂಬೆ ಇರಲಿ. ಮನೆಗೆ ಬಂದ ಮೇಲೆ ನನಗೆ ಊರಿನ ಊಟವೇ ಆಗಬೇಕು. ಕುಚ್ಚಲಕ್ಕಿ ಗಂಜಿ, ತಿಳಿಯ ಸಮೇತ, ಮಿಡಿ ಉಪ್ಪಿನಕಾಯಿ ಜೊತೆ. ಅಕ್ಕಿ, ನೀರು, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ ಸಿಗುತ್ತವೆ.

ಪ್ರಶ್ನೆ: ಓಡಿದರೆ ಮೊಣಕಾಲು ಸವೆಯುತ್ತದೆ ಅಂತ ಅತ್ತೆ ದಿನಾ ಹೇಳುತ್ತಾರೆ. ನಿಜವೇ?
— ಓದುಗರು, ಮುಲುಂಡ್

ಉತ್ತರ: ನನ್ನ ಅತ್ತೆಯೂ ಹೇಳುತ್ತಿದ್ದರು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು, ಸೊಂಟದ ಕೀಲು ಸವೆದವರು ಶೇ. 3.5 ಇದ್ದರು. ಓಡದೇ ಕೂತವರಲ್ಲಿ ಶೇ. 10.2. ಸ್ಪರ್ಧೆಗೆ ತುಂಬಾ ಓಡುವವರಲ್ಲಿ ಶೇ. 13.3, ಹಾಗಾಗಿ ಅತಿ ಮಾಡಬೇಡಿ. ಹಳೇ ಗಾಯ ಅಥವಾ ಊತ ಇದ್ದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ವಾರಕ್ಕೆರಡು ದಿನ ಕುರ್ಚಿ ಹಿಡಿದು ಬಸ್ಕಿ ಹೊಡೆಯಿರಿ, ತೊಡೆ ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದೆ.

ಪ್ರಶ್ನೆ: ಜನವರಿಯಲ್ಲಿ ಮೊದಲ ಹಾಫ್ ಮ್ಯಾರಥಾನ್. ಹಿಂದಿನ ರಾತ್ರಿ ಏನೇನು ತಯಾರಿ ಮಾಡಿಕೊಳ್ಳಲಿ?
— ಓದುಗರು, ಅಂಧೇರಿ

ಉತ್ತರ: ಹೊಸದೇನೂ ಬೇಡ. ಹೊಸ ಶೂ, ಹೊಸ ಸಾಕ್ಸ್, ಹೊಸ ತಿಂಡಿ ಯಾವುದೂ ಬೇಡ. ಅನ್ನ ಸಾರು ಉಂಡು ಬೇಗ ಮಲಗಿ. ನಿದ್ದೆ ಬರದಿದ್ದರೂ ಹೆದರಬೇಡಿ, ಆ ರಾತ್ರಿ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. ತೊಡೆಸಂದು, ಕಂಕುಳು, ಬಟ್ಟೆಯ ಹೊಲಿಗೆ ಉಜ್ಜುವ ಕಡೆಗೆಲ್ಲ ಬೆಳಿಗ್ಗೆ ವ್ಯಾಸಲೀನ್ ಹಚ್ಚಿ, ಕೊಬ್ಬರಿ ಎಣ್ಣೆ ಬೆವರಿಗೆ ನಿಲ್ಲುವುದಿಲ್ಲ. ಐವತ್ತು ರೂಪಾಯಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗೆ ಹಾಕಿ. ಬಿಬ್‌ನ, ಅಂದರೆ ಎದೆ ಮೇಲೆ ಹಾಕುವ ನಂಬರ್ ಚೀಟಿಯ, ನಾಲ್ಕು ಮೂಲೆಗೂ ರಾತ್ರಿಯೇ ಪಿನ್ನು ಚುಚ್ಚಿ, ಆ ಟಿ-ಶರ್ಟನ್ನು ಕುರ್ಚಿ ಮೇಲೆ ಹರವಿಡಿ.