ಮಧ್ಯಾಹ್ನ ಹನ್ನೆರಡಕ್ಕೆ ಉರಿಯುತ್ತಿದ್ದ ದೀಪ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆಕೆಗೆ ಇಪ್ಪತ್ತೇಳು ವರ್ಷ. ಉತ್ತರಕ್ಕೆ ಸುಮಾರು 60 ಡಿಗ್ರಿ ಅಕ್ಷಾಂಶದಲ್ಲಿರುವ ಪಟ್ಟಣವೊಂದರ ಖಾಸಗಿ ಭಾಷಾ ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷ್ ಕಲಿಸುವ ಒಪ್ಪಂದ ಮಾಡಿಕೊಂಡು ಆಗಸ್ಟ್‌ನಲ್ಲಿ ಅಲ್ಲಿಗೆ ಹೋಗಿದ್ದರು. ಜನವರಿಯ ಮೊದಲ ವಾರ ಆಪ್ತಸಲಹೆಗಾಗಿ ವಿಡಿಯೊ ಕರೆಯಲ್ಲಿ ನನ್ನೆದುರು ಕುಳಿತಾಗ ಅವರಾಡಿದ ಮೊದಲ ಮಾತು ಹೀಗಿತ್ತು: "ನಾನು ಸೋಮಾರಿಯಾಗಿದ್ದೇನೆ, ಈ ಕೆಲಸಕ್ಕೆ ನಾಲಾಯಕ್ಕು. ರಾಜೀನಾಮೆ ಕೊಟ್ಟು ಹೊರಟುಬಿಡುತ್ತೇನೆ."

ಅಕ್ಟೋಬರ್ ಕೊನೆಯಿಂದ ಹತ್ತು ಹನ್ನೊಂದು ತಾಸು ಮಲಗಿದರೂ ದಣಿವು ಆರುತ್ತಿರಲಿಲ್ಲ, ಕೈಕಾಲಿಗೆ ಕಲ್ಲು ಕಟ್ಟಿದಂತಾಗುತ್ತಿತ್ತು. ಸಿಹಿ ಮತ್ತು ಹಿಟ್ಟಿನ ತಿನಿಸುಗಳ ಮೇಲೆ ಮೊದಲೆಂದೂ ಇರದ ಆಸೆ ಹುಟ್ಟಿ ತೂಕ ಏರಿತ್ತು. ಗೆಳತಿಯರ ಸಂದೇಶಗಳಿಗೆ ಉತ್ತರಿಸುವುದು ನಿಂತಿತ್ತು. ತರಗತಿಯಲ್ಲಿ ಮಾತ್ರ ನಗುತ್ತಿದ್ದರು. ಆ ನಗುವನ್ನು ಮೂರು ತಾಸು ಹಿಡಿದಿಟ್ಟುಕೊಂಡು, ವಿರಾಮದಲ್ಲಿ ಶೌಚಾಲಯದ ಬಾಗಿಲು ಹಾಕಿಕೊಂಡು ಅಳುತ್ತಿದ್ದರು.

ಮೊದಲ ಭೇಟಿಯನ್ನು ನಾನು ಒಂಟಿತನದ ಮಾತಿಗೇ ಬಹುಪಾಲು ಮೀಸಲಿಟ್ಟೆ. ಪರದೇಶದಲ್ಲಿ ಒಬ್ಬರೇ ಇರುವವರ ಬಗ್ಗೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ, ನನಗೂ ಅದೇ ಹೊಳೆಯಿತು. ಎರಡನೆಯ ಭೇಟಿಯಲ್ಲಿ ಅವರ ಬೆನ್ನ ಹಿಂದಿನ ಕೋಣೆ ಕಣ್ಣಿಗೆ ಬಿತ್ತು. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡು ಗಂಟೆ. ದಪ್ಪ ಪರದೆ ಎಳೆದಿತ್ತು, ಮೇಜಿನ ಮೇಲೆ ಹಳದಿ ದೀಪವೊಂದು ಉರಿಯುತ್ತಿತ್ತು. ಎಷ್ಟು ಹೊತ್ತಿಗೆ ಎದ್ದಿರಿ ಎಂದು ಕೇಳಿದೆ. "ಈಗಷ್ಟೇ" ಎಂದರು.

ಭಾಷಾ ಶಾಲೆಗಳಿಗೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ಉದ್ಯೋಗಸ್ಥರು ಮತ್ತು ಶಾಲೆ ಮುಗಿಸಿ ಬರುವ ಮಕ್ಕಳು. ಹಾಗಾಗಿ ಈಕೆಯ ತರಗತಿಗಳು ಮಧ್ಯಾಹ್ನ ಮೂರೂವರೆಗೆ ಆರಂಭವಾಗಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತಿದ್ದವು. ಮನೆಗೆ ಬಂದು, ಮರುದಿನದ ಪಾಠ ಸಿದ್ಧಪಡಿಸಿ, ಫೋನ್ ನೋಡುತ್ತ ಮಲಗುವಾಗ ಬೆಳಗಿನ ಜಾವ ಮೂರಾಗುತ್ತಿತ್ತು. ಆ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲು ಆರು ತಾಸಿಗೂ ಕಡಿಮೆ. ಸೂರ್ಯ ಒಂಬತ್ತೂವರೆಯ ಸುಮಾರಿಗೆ ಹುಟ್ಟಿ ಮೂರರ ಸುಮಾರಿಗೆ ಮುಳುಗುತ್ತಾನೆ, ನಡುಹಗಲಿನಲ್ಲೂ ದಿಗಂತದಿಂದ ಏಳು ಡಿಗ್ರಿ ಮೇಲೇರುವುದಿಲ್ಲ. ಅಷ್ಟು ಚಿಕ್ಕ ಹಗಲಿನ ಮೊದಲರ್ಧವನ್ನು ಆಕೆ ನಿದ್ರೆಯಲ್ಲಿ, ಉಳಿದರ್ಧವನ್ನು ಪರದೆಯ ಹಿಂದೆ ಕಳೆಯುತ್ತಿದ್ದರು.

ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಹಗಲಾಯಿತೆಂಬ ಸುದ್ದಿಯನ್ನು ಮಿದುಳಿನ ಜೈವಿಕ ಗಡಿಯಾರಕ್ಕೆ ಮುಟ್ಟಿಸುವ ಬೇರೆ ಕೋಶಗಳೂ ಇವೆ. ಬೆಳಗಿನ ಪ್ರಖರ ಬೆಳಕು ಬಿದ್ದರೆ ಆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ರಾತ್ರಿಯ ಬೆಳಕು ಅದನ್ನು ಹಿಂದಕ್ಕೆ ಎಳೆಯುತ್ತದೆ. ಗಡಿಯಾರ ಹಿಂದೆ ಬಿದ್ದು, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ಏರಿಳಿಯುವ ಹೊತ್ತು ದಿನಚರಿಯೊಂದಿಗೆ ಹೊಂದದೆ ಹೋಗುವುದು ಚಳಿಗಾಲದ ಖಿನ್ನತೆಗೆ ಕೊಡಲಾಗುವ ಮುಖ್ಯ ವಿವರಣೆಗಳಲ್ಲೊಂದು. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಹೋದ್ಯೋಗಿಗಳು ಈ ಸ್ಥಿತಿಯನ್ನು ವಿವರಿಸಿ, ಕೃತಕ ಬೆಳಕಿನಿಂದ ಅದಕ್ಕೆ ಚಿಕಿತ್ಸೆ ನೀಡಬಹುದೆಂದು ತೋರಿಸಿದರು. ಅತಿನಿದ್ದೆ, ಹಿಟ್ಟು ಸಿಹಿಗಳ ಹಂಬಲ, ತೂಕದ ಏರಿಕೆ ಇವೆಲ್ಲ ಇದರ ಪರಿಚಿತ ಲಕ್ಷಣಗಳೇ. ಇದನ್ನು ತಿಳಿಸಿದಾಗ ಆಕೆ ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ನನ್ನ ಸ್ವಭಾವವಲ್ಲವೇ?" ಎಂದು ಕೇಳಿದರು. ಅಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ.

ಆದರೆ ರೋಗನಿರ್ಣಯ ಆಪ್ತಸಲಹೆಗಾರರ ಕೆಲಸವಲ್ಲ. ಋತುಮಾನಕ್ಕೆ ಸಂಬಂಧಿಸಿದ ಖಿನ್ನತೆಯೆಂದು ಖಚಿತಪಡಿಸಲು ಸತತ ಎರಡು ವರ್ಷಗಳ ಇತಿಹಾಸ ಬೇಕು, ಆಕೆಗಾದರೋ ಇದು ಮೊದಲ ಚಳಿಗಾಲ. ಥೈರಾಯ್ಡ್ ಕೊರತೆ ಮತ್ತು ರಕ್ತಹೀನತೆಯಲ್ಲೂ ಇಂಥದೇ ದಣಿವು ಇರುತ್ತದೆ. ಆದ್ದರಿಂದ ಅಲ್ಲಿನ ವೈದ್ಯರನ್ನು ಕಾಣಲು ಒತ್ತಾಯಿಸಿದೆ. ಶಾಲೆಗೆ ತಿಳಿದರೆ ವೀಸಾಕ್ಕೆ ಕುತ್ತು ಬಂದೀತೆಂಬ ಭಯದಿಂದ ಅವರು ತಿಂಗಳುಗಟ್ಟಲೆ ಮುಂದೂಡಿದ್ದರು. ವೈದ್ಯರು ಗೋಪ್ಯತೆಗೆ ಬದ್ಧರೆಂಬುದನ್ನು ಅವರಿಗೆ ನೆನಪಿಸಿ, ವಿಮೆಯ ಷರತ್ತುಗಳನ್ನು ಇಬ್ಬರೂ ಕೂಡಿ ಓದಿದೆವು. ಬದುಕು ಬೇಡವೆನಿಸಿದ್ದುಂಟೇ ಎಂದೂ ನೇರವಾಗಿ ಕೇಳಿದೆ. ಅಂಥ ಯೋಚನೆ ಬಂದಿರಲಿಲ್ಲ. ಆದರೂ, ಬಂದರೆ ಅದೇ ದಿನ ಯಾರಿಗೆ ಕರೆ ಮಾಡಬೇಕೆಂಬುದನ್ನು ಬರೆದಿಟ್ಟುಕೊಂಡೆವು.

ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಖಿನ್ನತೆಯನ್ನು ಗುರುತಿಸಿ, ಬೆಳಕಿನ ಚಿಕಿತ್ಸೆಗೆ ಒಪ್ಪಿದರು. ಎದ್ದ ಒಂದು ತಾಸಿನೊಳಗೆ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕು ಕೊಡುವ, ನೇರಳಾತೀತ ಕಿರಣಗಳನ್ನು ತಡೆಯುವ ದೀಪದೆದುರು ಸುಮಾರು ಅರ್ಧ ತಾಸು ಕೂರುವುದು ಇದರ ಸಾಮಾನ್ಯ ಕ್ರಮ. ದೀಪವನ್ನು ದಿಟ್ಟಿಸಬೇಕಿಲ್ಲ, ಕಣ್ಣು ತೆರೆದಿದ್ದರೆ ಸಾಕು. ಆಕೆ ಆ ಹೊತ್ತಿನಲ್ಲಿ ಪಾಠ ಸಿದ್ಧಪಡಿಸುತ್ತಿದ್ದರು. ಮನೆಯ ಸಾಮಾನ್ಯ ದೀಪದ ಬೆಳಕು ಕೆಲವು ನೂರು ಲಕ್ಸ್ ದಾಟುವುದಿಲ್ಲವಾದ್ದರಿಂದ ಅದು ಇದಕ್ಕೆ ಬದಲಿಯಾಗದು. ಖಿನ್ನತೆ ಮತ್ತು ಅತಿ ಉತ್ಸಾಹದ ಉನ್ಮಾದ ಬೇರೆ ಬೇರೆ ಅವಧಿಗಳಲ್ಲಿ ಕಾಡುವ ಬೈಪೋಲಾರ್ ಸಮಸ್ಯೆ ಇರುವವರಲ್ಲಿ ಈ ಬೆಳಕು ಉನ್ಮಾದವನ್ನು ಕೆರಳಿಸಬಹುದು, ಅಕ್ಷಿಪಟಲದ ಕಾಯಿಲೆ ಇರುವವರು ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು. ಇದನ್ನು ತಿಳಿಯದೆ ದೀಪ ಕೊಂಡು ತಾವೇ ಚಿಕಿತ್ಸೆ ಶುರುಮಾಡುವವರ ಬಗ್ಗೆ ನನಗೆ ಕಳವಳವಿದೆ.

ನಾನು ಕೊಟ್ಟ ಸಲಹೆ ಇದರ ಸುತ್ತಲಿನದು. ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಬೇಗನೆ ಮಾಡಿಕೊಳ್ಳಬೇಕು, ರಜಾದಿನವೂ ಅದನ್ನು ಬಿಡಬಾರದು. ಮೋಡ ಕವಿದಿದ್ದರೂ ಹಗಲಿನಲ್ಲಿ ಹೊರಗೆ ನಡೆಯಬೇಕು, ಏಕೆಂದರೆ ಹೊರಗಿನ ಮಬ್ಬೂ ಮನೆಯ ಸಾಮಾನ್ಯ ದೀಪಕ್ಕಿಂತ ಹಲವು ಪಟ್ಟು ಪ್ರಖರ. ತರಗತಿ ಮುಗಿದ ಮೇಲೆ ಮಂದ ಬೆಳಕಿನಲ್ಲಿರಬೇಕು. "ಹೊರಗೆ ಹೋಗುವ ಮನಸ್ಸೇ ಬರುವುದಿಲ್ಲ" ಎಂದಾಗ, ಮನಸ್ಸು ಬರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಬೂಟು ಹಾಕಿಕೊಳ್ಳಿ, ಅಷ್ಟನ್ನೇ ಆ ದಿನದ ಕೆಲಸವೆಂದುಕೊಳ್ಳಿ ಎಂದೆ.

ಒಂಟಿತನ ಸುಳ್ಳಾಗಿರಲಿಲ್ಲ. ಭಾಷೆ ಕಲಿಸುವವರ ದುಃಖವೊಂದನ್ನು ಆಕೆಯಿಂದ ಅರಿತೆ: ದಿನವಿಡೀ ಮಾತಾಡಿಯೂ ಒಂದು ಸಂಭಾಷಣೆ ದಕ್ಕುವುದಿಲ್ಲ, ಆಡುವುದೆಲ್ಲ ನಿಧಾನಿಸಿದ, ಸರಳಗೊಳಿಸಿದ, ಇನ್ನೊಬ್ಬರ ಅಭ್ಯಾಸಕ್ಕಾಗಿ ಕಟ್ಟಿದ ವಾಕ್ಯಗಳು. ವಾರಕ್ಕೆ ಎರಡು ಬಾರಿ ತಾಯ್ನುಡಿಯಲ್ಲಿ ತಡೆಯಿಲ್ಲದೆ ಮಾತಾಡಲು ಒಬ್ಬರನ್ನು ಗೊತ್ತುಮಾಡಿಕೊಳ್ಳಲು ಹೇಳಿದೆ, ಆಕೆ ತಂಗಿಯನ್ನು ಆರಿಸಿಕೊಂಡರು. ತರಗತಿಯಲ್ಲಿ ಕಲಿಯುವವರೇ ಜೋಡಿಗಳಾಗಿ ಹೆಚ್ಚು ಮಾತಾಡುವಂತೆ ಪಾಠ ರೂಪಿಸಿ, ಸದಾ ನಗುವ ಭಾರವನ್ನು ಇಳಿಸಿಕೊಂಡರು. ರಾಜೀನಾಮೆಯ ತೀರ್ಮಾನವನ್ನು ಏಪ್ರಿಲ್‌ವರೆಗೆ ಮುಟ್ಟಬಾರದೆಂದು ಮಾತಾಯಿತು.

ಎರಡನೆಯ ವಾರದ ಕೊನೆಗೆ ನಿದ್ದೆ ಸರಿಹೋಗತೊಡಗಿತು. ಮನಸ್ಸು ಹಗುರಾಗಲು ಫೆಬ್ರವರಿ ಬೇಕಾಯಿತು, ನಡುವೆ ಐದು ದಿನ ಮತ್ತೆ ಹಾಸಿಗೆ ಹಿಡಿದದ್ದೂ ಉಂಟು. ಏಪ್ರಿಲ್‌ನಲ್ಲಿ ಮಾತಿಗೆ ಕುಳಿತಾಗ ಪರದೆ ಸರಿದಿತ್ತು. ಒಪ್ಪಂದ ಮುಂದುವರಿಸುವುದಿಲ್ಲವೆಂದೇ ಆಕೆ ತೀರ್ಮಾನಿಸಿದ್ದರು: ಪುಟ್ಟ ಮಕ್ಕಳಿಗೆ ಓದು ಕಲಿಸುವ ತರಬೇತಿ ಪಡೆಯಬೇಕೆಂಬ ಬಯಕೆ ಆ ತರಗತಿಗಳಲ್ಲೇ ಹುಟ್ಟಿತ್ತು. ಜನವರಿಯಲ್ಲಿ ಹೇಳಿದ್ದ ಕಾರಣಗಳಲ್ಲಿ ಒಂದನ್ನೂ ಅವರು ಎತ್ತಲಿಲ್ಲ.